ಕ್ಯಾರಿಯರ್ ಎಷ್ಟು ದೊಡ್ಡದಿರಬೇಕು?

ಜೂನ್ ತಿಂಗಳು ಬಂತೆಂದರೆ ಅಫಜಲಪುರದಿಂದ ಕಲಬುರಗಿಯ ಕಡೆಗೆ ಹೋಗುವ ಜೀಪು, ಕ್ರೂಸರ್‌ಗಳ ನೆತ್ತಿಯ ಮೇಲೆ ಒಂದೇ ಬಗೆಯ ಸಾಮಾನು ಕಾಣುತ್ತದೆ: ತಗಡಿನ ಟ್ರಂಕು, ಸುರುಳಿ ಸುತ್ತಿದ ಗಾದಿ, ಪ್ಲಾಸ್ಟಿಕ್ ಬಕೆಟ್ಟು, ಕಡಕ್ ರೊಟ್ಟಿಯ ಗಂಟು. ಯಾರದೋ ಮನೆಯ ಮಗುವೊಂದು ಹಾಸ್ಟೆಲಿಗೆ ಹೊರಟಿದೆ ಎಂದು ತಿಳಿಯಲು ಇಷ್ಟು ಸಾಕು.

ಕೆಲವು ವರ್ಷಗಳ ಹಿಂದೆ ನಾನೂ ಮಗಳನ್ನು ಪಿಯುಸಿಗೆ ಸೇರಿಸಲು ಹೀಗೆಯೇ ಹೊರಟಿದ್ದೆ. ಸಂಬಂಧಿಕರೊಬ್ಬರ ಜೀಪು. ಅದರ ಮೇಲಿನ ಕ್ಯಾರಿಯರ್ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಅಳತೆ ಕೇಳಲು ಹೋದಾಗ ಅಂಗಡಿಯವನು, 'ದೊಡ್ಡದ ಮಾಡ್ತೀನಿ ಬಿಡ್ರಿ, ಒಂದ ಸಲ ಮಾಡಿಸಿದ್ರ ಮುಗೀತು' ಎಂದಿದ್ದನಂತೆ. ಏಳು ಅಡಿ ಉದ್ದ. ಮುಂದಿನ ಗಾಜಿನ ಮೇಲೆ ಒಂದು ಗೇಣು ಚಾಚಿಕೊಂಡಿತ್ತು. ಟ್ರಂಕಿಗೆ ಅಡ್ಡಲಾಗಿ ಒಂದೇ ಹಗ್ಗ ಬಿಗಿದಿದ್ದರು. ಚೌಡಾಪುರ ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂತು. ಬ್ರೇಕು ಬಿತ್ತು, ಜೀಪು ನಿಂತಿತು, ಟ್ರಂಕು ಮಾತ್ರ ನಿಲ್ಲಲಿಲ್ಲ. ಗಾಜನ್ನು ಒಡೆದು ಬಾನೆಟ್ಟಿನ ಮೇಲೆ ಬಿದ್ದು, ಅಲ್ಲಿಂದ ರಸ್ತೆಗೆ ಉರುಳಿತು. ಯಾರಿಗೂ ಪೆಟ್ಟಾಗಲಿಲ್ಲ. 'ಅಪ್ಪಾ, ಇದು ನ್ಯೂಟನ್ನನ ಮೊದಲನೇ ನಿಯಮ ಅಲ್ಲೇನು?' ಎಂದಳು ಮಗಳು. ಹತ್ತಾರು ವರ್ಷ ಆ ನಿಯಮವನ್ನೇ ಪಾಠ ಮಾಡಿದ ನನಗೆ ಉತ್ತರ ಹೊಳೆಯಲಿಲ್ಲ.

ಅಂದು ರಾತ್ರಿ ಕಾಗದ ಹಿಡಿದು ಲೆಕ್ಕ ಹಾಕಿದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಆ ವೇಗದ ಗಾಡಿ 20 ಮೀಟರಿನಲ್ಲಿ ನಿಂತರೆ ವೇಗ ಇಳಿಯುವ ದರ ಸುಮಾರು 6.9. ಗುರುತ್ವದ 9.8ರ ಪಕ್ಕ ಇಟ್ಟು ನೋಡಿದರೆ ಹತ್ತರಲ್ಲಿ ಏಳು ಪಾಲು. ಅಂದರೆ 60 ಕಿಲೋ ಟ್ರಂಕು ಆ ಗಳಿಗೆಯಲ್ಲಿ 42 ಕಿಲೋ ಭಾರ ತೂಗಿದಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆ. ಅಡ್ಡ ಹಗ್ಗ ಪಕ್ಕಕ್ಕೆ ಸರಿಯುವುದನ್ನು ತಡೆಯುತ್ತದೆ, ಮುಂದಕ್ಕೆ ನುಗ್ಗುವುದನ್ನಲ್ಲ. ಅದಕ್ಕೆ ಹಿಂದಿನ ಸರಳಿನಿಂದ ಟ್ರಂಕಿನ ಮುಂಭಾಗವನ್ನು ಸುತ್ತಿ ಬರುವ ಇನ್ನೊಂದು ಹಗ್ಗ ಬೇಕು. ಏಳು ಅಡಿ ಕ್ಯಾರಿಯರಿನಲ್ಲಿ ಮೂರಡಿ ಟ್ರಂಕಿಗೆ ಮುಂದೆ ಸರಿಯಲು ಖಾಲಿ ಜಾಗ ಬೇಕಾದಷ್ಟಿತ್ತು. ಜಾಗವೇ ಇಲ್ಲದಿದ್ದರೆ, ಮುಂದಿನ ಸರಳಿಗೇ ಅದು ಒರಗಿ ನಿಂತಿದ್ದರೆ?

ಆದ್ದರಿಂದ ಕ್ಯಾರಿಯರ್ ಕೊಳ್ಳುವವರು ಮೊದಲು ಅಳೆಯಬೇಕಾದದ್ದು ಗಾಡಿಯ ನೆತ್ತಿಯ ಉದ್ದವನ್ನಲ್ಲ, ಅದು ತಾಳುವ ಭಾರವನ್ನು. ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಈ ಅಂಕಿ ಇರುತ್ತದೆ. ಅನೇಕ ಕಾರುಗಳಲ್ಲಿ ಅದು 50ರಿಂದ 75 ಕಿಲೋ, ಕೆಲವು ದೊಡ್ಡ ಗಾಡಿಗಳಲ್ಲಿ 100. ಕ್ಯಾರಿಯರಿನ ಸ್ವಂತ ತೂಕವೂ ಇದರಲ್ಲಿಯೇ ಸೇರಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಮಿತಿ 75 ಕಿಲೋ ಎನ್ನಿ. ಕಬ್ಬಿಣದ ಕ್ಯಾರಿಯರೇ 30 ಕಿಲೋ ತೂಗಿದರೆ ಸಾಮಾನಿಗೆ ಉಳಿಯುವುದು 45. ಮುಕ್ಕಾಲು ಮೀಟರ್ ಉದ್ದದ, ನೂರು ಲೀಟರ್ ಹಿಡಿಸುವ ಟ್ರಂಕಿನ ತುಂಬ ಪುಸ್ತಕ ತುಂಬಿದರೆ ಅದೊಂದೇ 60 ಕಿಲೋ ದಾಟುತ್ತದೆ! ಹಾಗಾಗಿ ಪುಸ್ತಕ ಗಾಡಿಯೊಳಗೆ, ಕಾಲ ಕೆಳಗೆ ಇರಲಿ; ಗಾದಿ ಮೇಲಿರಲಿ.

ಈಗ ಪಟ್ಟಣದ ಕಾರುಗಳ ಮೇಲೆ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಗಳು ಬಂದಿವೆ. ಅವುಗಳ ಅಳತೆ ಲೀಟರಿನಲ್ಲಿ. ಮೋಸಹೋಗುವುದು ಇಲ್ಲಿಯೇ. 400 ಲೀಟರ್ ಪೆಟ್ಟಿಗೆಯಲ್ಲಿ ಬಟ್ಟೆಬರೆ ತುಂಬಿದರೆ ಸುಮಾರು 60 ಕಿಲೋ ಆದೀತು. ಅದೇ ಪೆಟ್ಟಿಗೆಗೆ ನಮ್ಮ ಬಿಳಿಜೋಳ ಸುರಿದರೆ 280 ಕಿಲೋ, ಸುಮಾರು ಮೂರು ಚೀಲ. ಪೆಟ್ಟಿಗೆ ಹಿಡಿಸುತ್ತದೆ, ನೆತ್ತಿ ತಾಳುವುದಿಲ್ಲ.

ವಿದ್ಯಾರ್ಥಿಗಳಿಗಾಗಿ ಇನ್ನೊಂದು ಲೆಕ್ಕ. ಜೀಪಿನ ತೂಕ 1600 ಕಿಲೋ, ಅದರ ಗುರುತ್ವ ಕೇಂದ್ರ ನೆಲದಿಂದ 70 ಸೆಂ.ಮೀ. ಎತ್ತರದಲ್ಲಿದೆ ಎಂದು ಭಾವಿಸಿ. ನೆಲದಿಂದ 210 ಸೆಂ.ಮೀ. ಎತ್ತರದಲ್ಲಿ 150 ಕಿಲೋ ಹೇರಿದರೆ ಹೊಸ ಕೇಂದ್ರ ಎಲ್ಲಿ? 1600ನ್ನು 70ರಿಂದ, 150ನ್ನು 210ರಿಂದ ಗುಣಿಸಿ ಕೂಡಿಸಿ, 1750ರಿಂದ ಭಾಗಿಸಿ. ಬರುವುದು 82 ಸೆಂ.ಮೀ. ಭಾರ ಹೆಚ್ಚಿದ್ದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಕೇಂದ್ರ ಮಾತ್ರ ಒಂದು ಚೋಟು ಮೇಲೇರಿತು. ಇನ್ನು ಎಡ-ಬಲ ಚಕ್ರಗಳ ಅಂತರ 140 ಸೆಂ.ಮೀ. ಇದ್ದರೆ ಅದರ ಅರ್ಧವನ್ನು, ಅಂದರೆ 70ನ್ನು, ಈ ಎತ್ತರದಿಂದ ಭಾಗಿಸಿ. ಹೇರುವ ಮುನ್ನ 1.0 ಇದ್ದದ್ದು ಹೇರಿದ ಮೇಲೆ 0.85. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2001ರ ಮಾದರಿಗಳಿಂದ ಕಾರುಗಳು ಮಗುಚುವ ಸಂಭವವನ್ನು ಅಂದಾಜಿಸಲು ಬಳಸಿದ್ದು ಈ ಸರಳ ಭಾಗಾಕಾರವನ್ನೇ.

ಒಣಗಿದ ಡಾಂಬರಿನ ಮೇಲೆ ಟೈರಿನ ಹಿಡಿತ ಸುಮಾರು 0.7ರಿಂದ 0.8. ನಮ್ಮ ಸಂಖ್ಯೆ ಇದಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ತಿರುವಿನಲ್ಲಿ ಗಾಡಿ ಜಾರುತ್ತದೆ. ಹತ್ತಿರಕ್ಕೆ ಬಂದಷ್ಟೂ ಜಾರುವ ಬದಲು ಮಗುಚುವ ಸಂಭವ ಹೆಚ್ಚು. ಸ್ಪ್ರಿಂಗು ಒಂದು ಕಡೆಗೆ ವಾಲುವುದು, ಚಕ್ರ ಡಾಂಬರು ಬಿಟ್ಟು ಎರೆ ಮಣ್ಣಿಗೆ ಇಳಿಯುವುದು ನಮ್ಮ ಲೆಕ್ಕದಲ್ಲಿ ಸೇರಿಲ್ಲ. ಎರಡೂ ಮಗುಚುವುದಕ್ಕೇ ನೆರವಾಗುತ್ತವೆ.

ಜಾತ್ರೆ, ಮದುವೆ ದಿಬ್ಬಣಗಳಲ್ಲಿ ಈ ಎತ್ತರದಲ್ಲಿ ಸಾಮಾನಲ್ಲ, ಹುಡುಗರೇ ಕೂತಿರುತ್ತಾರೆ. ದೇವಲ ಗಾಣಗಾಪುರದ ದಾರಿಯಲ್ಲಿ ನಿಂತು ನೋಡಿ. ಮೂವರು ಹುಡುಗರೆಂದರೆ 150 ಕಿಲೋ, ಅದೂ ಅತ್ತಿತ್ತ ಅಲುಗಾಡುವ 150 ಕಿಲೋ. 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಮು ಗಾಡಿಯ ಮೇಲೆ ಕೂತು ಹೋಗುವುದನ್ನು ನಿಷೇಧಿಸಿದೆ. ಸಾಮಾನಿಗೂ ಕಾನೂನಿದೆ: 2019ರ ತಿದ್ದುಪಡಿಯ ನಂತರ, ಹೇರಿದ ಮಾಲು ಗಾಡಿಯ ಪಕ್ಕಕ್ಕಾಗಲಿ ಹಿಂದೆ ಮುಂದೆಯಾಗಲಿ ಎತ್ತರದಲ್ಲಾಗಲಿ ಮಿತಿ ಮೀರಿ ಚಾಚಿದರೆ ದಂಡ 20,000 ರೂಪಾಯಿ. ಕಬ್ಬಿನ ಟ್ರ್ಯಾಕ್ಟರುಗಳ ಸುದ್ದಿ ಇಲ್ಲಿ ಬೇಡ, ಅದು ಬೇರೆಯೇ ಲೇಖನ.

ಭಾರ ಗೊತ್ತಾದ ಮೇಲೆ ಟೇಪು ಹಿಡಿಯಿರಿ. ಅಗಲ ನೆತ್ತಿಯ ಅಂಚನ್ನು ಮೀರಬಾರದು. ಮುಂದೆ ಗಾಜಿನ ಮೇಲೆ ಚಾಚಬಾರದು. ಹಿಂದಿನ ಬಾಗಿಲು ಮೇಲಕ್ಕೆ ತೆರೆಯುವಂಥದ್ದಾದರೆ ಅದನ್ನು ಪೂರ್ತಿ ತೆರೆದು, ಆಗ ಉಳಿಯುವ ಜಾಗವನ್ನಷ್ಟೇ ಅಳೆಯಿರಿ. ಹಳೆಯ ಅಂಬಾಸಿಡರ್, ಜೀಪುಗಳಿಗೆ ಮಳೆನೀರು ಹರಿಯುವ ಅಂಚು ಇರುತ್ತಿತ್ತು. ಕ್ಯಾರಿಯರಿನ ಕಾಲುಗಳು ಅದನ್ನೇ ಕಚ್ಚಿ ಹಿಡಿಯುತ್ತಿದ್ದವು. ಈಗಿನ ಕಾರುಗಳಲ್ಲಿ ಆ ಅಂಚು ಕಾಣುವುದು ಅಪರೂಪ. ಒಂದು ಕಾರಿನ ಕಾಲು ಇನ್ನೊಂದಕ್ಕೆ ಕೂಡುವುದಿಲ್ಲ, ಪಕ್ಕದ ಮನೆಯವರದನ್ನು ಎರವಲು ತರಬೇಡಿ. ಕೆಲಸ ಮುಗಿದ ಮೇಲೆ ಬಿಚ್ಚಿಡಿ. ಗಾಳಿಗೆ ಎದುರು ನಿಲ್ಲುವ ದೊಡ್ಡ ಪೆಟ್ಟಿಗೆಯಿಂದ ಹೆದ್ದಾರಿಯಲ್ಲಿ ಮೈಲೇಜು ಶೇ. 6ರಿಂದ 17ರವರೆಗೆ ಇಳಿಯಬಹುದೆಂದು ಅಮೆರಿಕ ಸರ್ಕಾರದ ಇಂಧನ ಮಾಹಿತಿ ಹೇಳುತ್ತದೆ.

ನಮ್ಮ ಸಂಬಂಧಿಕರ ಜೀಪಿನ ಕ್ಯಾರಿಯರನ್ನು ಮರುವಾರವೇ ಅದೇ ಅಂಗಡಿಗೆ ಒಯ್ದೆವು. 'ಮಂದಿ ದೊಡ್ಡದ ಮಾಡ್ರಿ ಅಂತಾರ, ನೀವು ಕತ್ತರಸ್ರಿ ಅಂತೀರಲ್ರಿ ಮಾಸ್ತರ' ಎಂದು ನಕ್ಕ ಅವನು, ಅದನ್ನು ನಾಲ್ಕು ಅಡಿಗೆ ಇಳಿಸಿಕೊಟ್ಟ. ಕತ್ತರಿಸಿ ಉಳಿದ ಪೈಪುಗಳ ಮೇಲೆ ಈಗ ನಮ್ಮ ಹಿತ್ತಲಿನ ಹೀರೆ ಬಳ್ಳಿ ಹಬ್ಬಿದೆ.