ಪೆಟ್ರೋಲಿದ್ದರೂ ಕಾರು ನಿಂತುದೇಕೆ?

ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100 ಎಂಬ ಪುಟ್ಟ ಕಾರನ್ನು ಬಲ್ಲ ಹಿರಿಯರು ಅದನ್ನು ಹೊಗಳುತ್ತಲೇ ಅದರ ಹಟಮಾರಿತನವನ್ನೂ ನೆನೆಯುತ್ತಾರೆ. 1970ರ ದಶಕದಲ್ಲಿ ‘ಪದ್ಮಿನಿ’ ಎಂಬ ಹೊಸ ಹೆಸರು ಬಂದರೂ ಹಟ ಮಾತ್ರ ಬಿಡಲಿಲ್ಲ. ಸುಡುಬೇಸಗೆಯಲ್ಲಿ ಸಾಲಗುಂದದಿಂದ ರಾಯಚೂರಿಗೆ ಹೊರಟ ಇಂತಹ ಕಾರು ಸಿಂಧನೂರಿನಲ್ಲಿ ಚಹಾಕ್ಕೆಂದು ನಿಂತಿತೆನ್ನಿ. ಹತ್ತು ನಿಮಿಷದ ಬಳಿಕ ಅದು ಮತ್ತೆ ಚಾಲೂ ಆಗದು. ಟ್ಯಾಂಕಿನಲ್ಲಿ ಪೆಟ್ರೋಲಿದೆ, ಬ್ಯಾಟರಿ ಸರಿಯಾಗಿದೆ, ಕಿಡಿಯೂ ಹಾರುತ್ತಿದೆ. ಅರ್ಧ ಗಂಟೆ ಬಿಟ್ಟರೆ ಯಾರೂ ಮುಟ್ಟದೆಯೇ ಸರಿಹೋಗುತ್ತದೆ! ಮದುವೆಯ ದಿಬ್ಬಣವಾದರೆ ನಗುತ್ತ ಕಾಯಬಹುದು. ಒಳಗೆ ರೋಗಿಯಿದ್ದರೆ ಅರ್ಧ ಗಂಟೆ ಅಲ್ಪಕಾಲವಲ್ಲ.

ಈ ರೋಗಕ್ಕೆ ‘ವೇಪರ್ ಲಾಕ್’ ಎಂದು ಹೆಸರು. ಆವಿಯ ಅಡ್ಡಗಟ್ಟು ಎನ್ನೋಣ. ಪೆಟ್ರೋಲು ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿರುವ ಪೆಂಟೇನ್ 36 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವಂತಹುದು. ಚಳಿಯಲ್ಲಿ ಎಂಜಿನು ಬೇಗ ಹೊತ್ತಿಕೊಳ್ಳಲು ಇಂತಹ ಹಗುರ ಘಟಕಗಳು ಬೇಕೇಬೇಕು. ಆದರೆ ರಾಯಚೂರು ಸೀಮೆಯ ಬೇಸಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ! ಇನ್ನು ಎಂಜಿನಿನ ಮಗ್ಗುಲಲ್ಲೇ ಕುಳಿತ ಪೆಟ್ರೋಲ್ ಪಂಪಿನ ಪಾಡೇನು? ಕಾರು ಓಡುವಾಗ ಬೀಸುಗಾಳಿ ಅದನ್ನು ತಣಿಸುತ್ತದೆ. ನಿಂತೊಡನೆ ಆ ಗಾಳಿಯಿಲ್ಲ. ಕಾದ ಎಂಜಿನಿನ ಶಾಖವೆಲ್ಲ ಪಂಪಿಗೆ ಹರಿಯುತ್ತದೆ. ಸಾಲದೆಂಬಂತೆ, ಹಿಂದಿನ ಟ್ಯಾಂಕಿನಿಂದ ಪಂಪು ಪೆಟ್ರೋಲನ್ನು ಹೀರುವಾಗ ಕೊಳವೆಯಲ್ಲಿ ಒತ್ತಡ ತಗ್ಗುತ್ತದೆ. ಒತ್ತಡ ತಗ್ಗಿದರೆ ಕುದಿಬಿಂದುವೂ ತಗ್ಗುತ್ತದೆಂಬುದು ನಮಗೆ ತಿಳಿದದ್ದೇ. ಪೆಟ್ರೋಲು ಅಲ್ಲೇ ಆವಿಯಾಗುತ್ತದೆ. ಪಂಪಿನ ಪೊರೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆದರೆ ದ್ರವವನ್ನು ತಳ್ಳುವ ಬದಲು ಆವಿಯನ್ನು ಅದುಮುತ್ತ, ಹಿಗ್ಗಿಸುತ್ತ ವೃಥಾ ದುಡಿಯುತ್ತದೆ.

ಚಾಲಕರು ಇದಕ್ಕೆ ಕಂಡುಕೊಂಡ ಮದ್ದು ಒದ್ದೆಬಟ್ಟೆ. ಜ್ವರ ಬಂದವನ ಹಣೆಗೆ ಕಟ್ಟುವಂತೆ ಪಂಪಿಗೆ ಸುತ್ತಿದರಾಯಿತು. ಇದು ಮೂಢನಂಬಿಕೆಯೆಂದು ನಕ್ಕವರೂ ಉಂಟು; ನಗಬೇಕಾದುದಿಲ್ಲ. ಒಂದು ಗ್ರಾಂ ನೀರು ಆರಿಹೋಗುವಾಗ 500ಕ್ಕೂ ಹೆಚ್ಚು ಕ್ಯಾಲೊರಿ ಶಾಖವನ್ನು ಹೀರುತ್ತದೆ. ಇದೇ ಗುಪ್ತೋಷ್ಣ. ಸಿಂಧನೂರಿನ ಒಣಗಾಳಿಯಲ್ಲಿ ಬಟ್ಟೆ ಬಲುಬೇಗ ಆರುವುದರಿಂದ ಪಂಪೂ ಬೇಗ ತಣಿಯುತ್ತದೆ. ಮಣ್ಣಿನ ಗಡಿಗೆಯ ನೀರು ಅಲ್ಲಿ ಸೊಗಸಾಗಿ ತಂಪಾಗುವುದೂ ಹೀಗೆಯೇ. ಮಂಗಳೂರಿನ ತೇವದ ಗಾಳಿಯಲ್ಲಿ ಈ ಮದ್ದಿಗೆ ಅಷ್ಟು ಗುಣವಿಲ್ಲ.

2000ದ ಆಸುಪಾಸಿನಲ್ಲಿ ನಮ್ಮ ಕಾರುಗಳಿಂದ ಕಾರ್ಬುರೇಟರು ಮರೆಯಾಗತೊಡಗಿತು. ಈಗ ವಿದ್ಯುತ್ ಪಂಪು ಟ್ಯಾಂಕಿನೊಳಗೇ ಮುಳುಗಿದ್ದು, ಪೆಟ್ರೋಲನ್ನು ಹೀರದೆ, ವಾಯುಮಂಡಲದ ಒತ್ತಡದ ಸುಮಾರು ಮೂರು ಪಟ್ಟಿನಲ್ಲಿ ಎಂಜಿನಿನತ್ತ ತಳ್ಳುತ್ತದೆ. ಅಷ್ಟು ಒತ್ತಡದಲ್ಲಿ ಪೆಟ್ರೋಲು ಸುಲಭವಾಗಿ ಕುದಿಯದು. ಹಳೆಯ ಫಿಯೆಟ್ಟನ್ನು ಜತನದಿಂದ ಕಾಪಾಡಿಕೊಂಡವರು ಮಾತ್ರ ಬೇಸಗೆಯಲ್ಲಿ ಹೊರಡುವಾಗ ಒಂದು ಸೀಸೆ ನೀರು, ಒಂದು ಹಳೆಯ ಪಂಚೆಯ ತುಂಡನ್ನು ಮರೆಯದಿರುವುದು ಒಳಿತು.