ಇಪ್ಪತ್ತನಾಲ್ಕು ಸೆಕೆಂಡಿನ ಲೆಕ್ಕ

ಕಳೆದ ತಿಂಗಳು ನಮ್ಮ ಕಾಲೇಜಿನ ಇಂಟರ್-ಕ್ಲಾಸ್ ಬ್ಯಾಸ್ಕೆಟ್‌ಬಾಲ್ ಫೈನಲ್ ನಡೆಯಿತು. ನನಗೆ ಆಟ ಅಷ್ಟಕ್ಕಷ್ಟೆ. ಆದರೂ ‘ಕಾಮರ್ಸ್ ಹುಡುಗ, ಲೆಕ್ಕ ಬರುತ್ತೆ’ ಅಂತ ನನ್ನನ್ನು ಸ್ಕೋರರ್ ಮೇಜಿನ ಹಿಂದೆ ಕೂರಿಸಿದ್ದರು. ಆಟ ಮುಗಿಯಲು ಇನ್ನೂ ಐದು ನಿಮಿಷ ಇರುವಾಗ ನಮ್ಮ ಕ್ಲಾಸು ಮೂರು ಪಾಯಿಂಟು ಮುಂದಿತ್ತು. ಅಲ್ಲಿಂದಾಚೆ ನಮ್ಮ ಹುಡುಗರು ಬುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಚೆಂಡನ್ನು ನೆಲಕ್ಕೆ ಬಡಿಯುತ್ತಾ, ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಕಾಲ ತಳ್ಳಿದರು. ನಮ್ಮ ಅಂಗಳದಲ್ಲಿ 24 ಸೆಕೆಂಡಿನ ಗಡಿಯಾರ ಇಲ್ಲ. ಹಾಗಾಗಿ ಆ ನಿಯಮವನ್ನೇ ಕೈಬಿಟ್ಟು ಆಡುತ್ತೇವೆ. ನಾವು ಗೆದ್ದೆವು. ಆದರೆ ಕೊನೆಯ ಸೀಟಿ ಊದುವ ಹೊತ್ತಿಗೆ ಸುತ್ತ ನಿಂತಿದ್ದವರಲ್ಲಿ ಅರ್ಧ ಜನ ಕ್ಯಾಂಟೀನಿಗೆ ಹೋಗಿಯಾಗಿತ್ತು. ಚಪ್ಪಾಳೆ ತಟ್ಟಿದವರು ನಾವೇ.

ಸ್ಕೋರ್ ಪುಸ್ತಕ ಮಡಚುವಾಗ ನನ್ನ ತಲೆಗೆ ಎರಡು ಪ್ರಶ್ನೆ ಹೊಕ್ಕವು. ನಮ್ಮವರು ಮಾಡಿದ್ದರಲ್ಲಿ ತಪ್ಪೇನು? ನಾವು ಒಪ್ಪಿಕೊಂಡ ಯಾವ ನಿಯಮವನ್ನೂ ಅವರು ಮುರಿಯಲಿಲ್ಲವಲ್ಲ! ಎರಡನೆಯದು, ಪುಸ್ತಕದ ನಿಯಮದಲ್ಲಿ 24 ಸೆಕೆಂಡೇ ಏಕೆ? 20 ಅಲ್ಲ, 25 ಅಲ್ಲ, ಇದೆಂಥ ಅಡ್ಡಾದಿಡ್ಡಿ ಸಂಖ್ಯೆ? ಹುಡುಕುತ್ತಾ ಹೋದವನು ಅಮೆರಿಕದ ವೃತ್ತಿಪರ ಲೀಗಾದ ಎನ್.ಬಿ.ಎ.ಯ 1954-55ರ ಸೀಸನ್ನಿಗೆ ಬಂದು ನಿಂತೆ. ನನ್ನ ಎರಡೂ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಕ್ಕಿತು. ಮಿತ್ರರೆದುರು ಅದನ್ನು ಇಡುತ್ತಿದ್ದೇನೆ.

ಇವತ್ತು ಎನ್.ಬಿ.ಎ. ಅಂದರೆ ಕೋಟಿ ಕೋಟಿ ಡಾಲರುಗಳ ವ್ಯವಹಾರ. ಆದರೆ 1950ರ ಸುಮಾರಿಗೆ ಅದರ ಸ್ಥಿತಿ ನಮ್ಮ ಕಡೆಯ ನಾಟಕ ಕಂಪನಿಗಳ ಹಾಗಿತ್ತು. ಟಿಕೆಟ್ ಖರ್ಚಾದರೆ ಊಟ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. 1949-50ರಲ್ಲಿ ಲೀಗಿನಲ್ಲಿ 17 ತಂಡಗಳಿದ್ದವು. ಐದು ವರ್ಷ ಕಳೆದು 1954-55ರ ಸೀಸನ್ ಶುರುವಾಗುವಾಗ ಉಳಿದಿದ್ದು ಒಂಬತ್ತೇ. ಜನ ಬಾರದಿರುವುದಕ್ಕೆ ಕಾರಣ ಹಲವಿರಬಹುದು. ಒಂದು ಕಾರಣ ಮಾತ್ರ ಅಂಗಳದಲ್ಲೇ ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

1950ರ ನವೆಂಬರ್ 22ರಂದು ಮಿನಿಯಾಪೊಲಿಸ್ ಲೇಕರ್ಸ್ ಮತ್ತು ಫೋರ್ಟ್ ವೇನ್ ಪಿಸ್ಟನ್ಸ್ ತಂಡಗಳ ನಡುವೆ ಪಂದ್ಯ. ಲೇಕರ್ಸ್ ತಂಡದಲ್ಲಿ ಜಾರ್ಜ್ ಮೈಕನ್ ಎಂಬ ಆರು ಅಡಿ ಹತ್ತು ಅಂಗುಲದ ಆಳು. ಅವನ ಕೈಗೆ ಚೆಂಡು ಸಿಕ್ಕಿತೋ, ಎದುರಾಳಿಯ ಕಥೆ ಮುಗಿಯಿತು. ಫೋರ್ಟ್ ವೇನಿನವರು ಒಂದು ಉಪಾಯ ಹೂಡಿದರು: ಅವನ ಕೈಗೆ ಚೆಂಡು ಹೋಗದಿರಬೇಕಾದರೆ ಅದನ್ನು ನಾವೇ ಇಟ್ಟುಕೊಂಡು ನಿಂತರಾಯಿತು! ನಿಂತರು. ಪ್ರೇಕ್ಷಕರು ಕೂಗಿದರೂ ನಿಂತರು. 48 ನಿಮಿಷದ ಆಟದಲ್ಲಿ ಎರಡೂ ತಂಡ ಸೇರಿ ಬುಟ್ಟಿಗೆ ಗುರಿಯಿಟ್ಟದ್ದು 31 ಸಲ, ಬಿದ್ದದ್ದು ಎಂಟು. ಕೊನೆಗೆ ಫೋರ್ಟ್ ವೇನ್ 19, ಮಿನಿಯಾಪೊಲಿಸ್ 18. ಆ 18ರಲ್ಲಿ 15 ಮೈಕನ್‌ನದೇ. ಎನ್.ಬಿ.ಎ. ಇತಿಹಾಸದಲ್ಲಿ ಇಷ್ಟು ಕಡಿಮೆ ಅಂಕಗಳ ಪಂದ್ಯ ಇನ್ನೊಂದಿಲ್ಲ.

ಫೋರ್ಟ್ ವೇನ್ ಮಾಡಿದ್ದು ತಪ್ಪೇ? ಅವರ ಕಡೆಯಿಂದ ನೋಡಿದರೆ ಖಂಡಿತ ಅಲ್ಲ. ಬಲಹೀನನಿಗೆ ಉಳಿದ ಆಯುಧ ಅದೊಂದೇ, ಬಳಸಿದ, ಗೆದ್ದ. ನಮ್ಮ ಹುಡುಗರು ಮಾಡಿದ್ದೂ ಇದನ್ನೇ. ತೊಂದರೆ ಇರುವುದು ಲೆಕ್ಕವನ್ನು ಒಟ್ಟು ಕೂಡಿಸಿದಾಗ. ಪ್ರತಿಯೊಬ್ಬರೂ ತಮ್ಮ ತಮ್ಮ ಲಾಭ ನೋಡಿಕೊಂಡರು, ಅಂಗಡಿಗೆ ಮಾತ್ರ ಗಿರಾಕಿ ಬರುವುದು ನಿಂತಿತು. ಹಾಗಂತ ‘ನಾನೊಬ್ಬ ಚೆನ್ನಾಗಿ ಆಡುತ್ತೇನೆ’ ಅಂತ ಒಂದು ತಂಡ ಮುಂದೆ ಬಂದರೆ ಅದು ಸೋಲುತ್ತದೆ. ಸೋತವರನ್ನು ನೋಡಲು ಯಾರು ಬರುತ್ತಾರೆ?

ಚೆಂಡು ಹಿಡಿದು ನಿಂತವನಿಂದ ಅದನ್ನು ಕಿತ್ತುಕೊಳ್ಳಲು ಎದುರಾಳಿಗೆ ಇದ್ದದ್ದು ಒಂದೇ ದಾರಿ, ಬೇಕಂತಲೇ ಫೌಲು ಮಾಡುವುದು. ಅವನಿಗೆ ಫ್ರೀ ಥ್ರೋ ಸಿಕ್ಕುತ್ತದೆ, ಆಮೇಲೆ ಚೆಂಡು ಇವರಿಗೆ. ಅದಕ್ಕೆ ಅವರೂ ಫೌಲು ಮಾಡುತ್ತಾರೆ. 1953ರ ಮಾರ್ಚ್ 21ರಂದು ಬಾಸ್ಟನ್ ಮತ್ತು ಸಿರಕ್ಯೂಸ್ ನಡುವಿನ ನಾಕೌಟ್ ಪಂದ್ಯ ನಾಲ್ಕು ಸಲ ಹೆಚ್ಚುವರಿ ಸಮಯಕ್ಕೆ ಹೋಗಿ 111-105ಕ್ಕೆ ಮುಗಿಯಿತು. ಬಾಸ್ಟನ್ನಿನ ಬಾಬ್ ಕೂಸಿ ಒಬ್ಬನೇ 50 ಅಂಕ ಗಳಿಸಿದ. ಕೇಳಲು ಭರ್ಜರಿಯೇ. ಆದರೆ ಆ 50ರಲ್ಲಿ 30 ಅಂಕ ಫ್ರೀ ಥ್ರೋಗಳದ್ದು. ಜನ ದುಡ್ಡು ಕೊಟ್ಟು ಬಂದು ಸೀಟಿ ಕೇಳಿಸಿಕೊಂಡು ಹೋಗಬೇಕಾಯಿತು.

ನಮ್ಮ ಕಬಡ್ಡಿಯಲ್ಲಿ ಈ ರೋಗಕ್ಕೆ ಮದ್ದು ಹುಟ್ಟಿನಿಂದಲೇ ಇದೆ. ಎದುರು ಮನೆಗೆ ನುಗ್ಗಿದವನು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಅನ್ನುತ್ತಾ ಮುಟ್ಟಿ ಬರಬೇಕು. ಉಸಿರೇ ಗಡಿಯಾರ, ಎದೆಯೇ ಯಂತ್ರ. ಬ್ಯಾಸ್ಕೆಟ್‌ಬಾಲಿನಲ್ಲಿ ಅಂಥ ಉಸಿರು ಇರಲಿಲ್ಲ. ಅದನ್ನು ತಂದುಕೊಟ್ಟವನು ಡ್ಯಾನಿ ಬಿಯಾಸೋನ್.

ಬಿಯಾಸೋನ್ ಇಟಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವನು. ಸಿರಕ್ಯೂಸ್ ಊರಿನಲ್ಲಿ ಒಂದು ಬೌಲಿಂಗ್ ಮನೆ ನಡೆಸುತ್ತಿದ್ದ. ಕ್ರಿಕೆಟ್ಟಿನ ಬೌಲಿಂಗ್ ಅಲ್ಲ, ಮರದ ಹಲಗೆಯ ಮೇಲೆ ದಪ್ಪ ಗುಂಡು ಉರುಳಿಸಿ ಆ ತುದಿಯ ಪಿನ್ನುಗಳನ್ನು ಬೀಳಿಸುವ ಆಟ. ಸಿರಕ್ಯೂಸ್ ನ್ಯಾಷನಲ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡಕ್ಕೂ ಅವನೇ ಒಡೆಯ. ದೊಡ್ಡ ಬಂಡವಾಳಗಾರನೇನಲ್ಲ. ಆದರೆ ಕೌಂಟರಿನ ಹಿಂದೆ ಕೂತು ಗಿರಾಕಿಯ ಮುಖ ಓದಿ ಗೊತ್ತಿದ್ದ ಮನುಷ್ಯ.

ಅವನೂ ತಂಡದ ಮ್ಯಾನೇಜರ್ ಲಿಯೋ ಫೆರಿಸ್‌ನೂ ಹಾಕಿದ ಲೆಕ್ಕ ಇಷ್ಟೇ. ನೋಡಿದವರಿಗೆ ಖುಷಿ ಕೊಟ್ಟ ಹಳೆಯ ಪಂದ್ಯಗಳ ಸ್ಕೋರ್ ಹಾಳೆ ತೆಗೆದರೆ, ಅವುಗಳಲ್ಲಿ ಒಂದೊಂದು ತಂಡ ಬುಟ್ಟಿಗೆ ಗುರಿಯಿಟ್ಟದ್ದು ಸುಮಾರು 60 ಸಲ. ಎರಡೂ ತಂಡ ಸೇರಿ 120. ಆಟದ ಅವಧಿ 48 ನಿಮಿಷ, ಅಂದರೆ 2880 ಸೆಕೆಂಡು. 2880ನ್ನು 120ರಿಂದ ಭಾಗಿಸಿ. ಭಾಗಲಬ್ಧ 24, ಶೇಷ ಸೊನ್ನೆ!

ನಾಲ್ಕನೇ ಕ್ಲಾಸಿನ ಭಾಗಾಕಾರ. ಯಾವ ಪಂಡಿತನೂ ಬೇಕಾಗಲಿಲ್ಲ. ಆದರೆ ಯಾವುದನ್ನು ಯಾವುದರಿಂದ ಭಾಗಿಸಬೇಕು ಅಂತ ಹೊಳೆಯಬೇಕಲ್ಲ, ಅದೇ ಕಷ್ಟ. ಈ 24 ಆಕಾಶದಿಂದ ಉದುರಿದ್ದಲ್ಲ. ಚೆನ್ನಾಗಿ ನಡೆದ ಆಟ ಯಾವ ವೇಗದಲ್ಲಿ ನಡೆದಿತ್ತೋ ಅದನ್ನೇ ಅಳೆದು ನಿಯಮ ಮಾಡಿದರು. ಚೆಂಡು ಸಿಕ್ಕ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ.

1954ರ ಆಗಸ್ಟಿನಲ್ಲಿ ಬಿಯಾಸೋನ್ ಲೀಗಿನ ಬೇರೆ ಮಾಲೀಕರನ್ನು ಸಿರಕ್ಯೂಸಿಗೆ ಕರೆಸಿ ಒಂದು ಶಾಲೆಯ ಅಂಗಳದಲ್ಲಿ ಪ್ರಯೋಗ ಮಾಡಿ ತೋರಿಸಿದ. ಮೊದಮೊದಲು ಆಟಗಾರರು ಗಾಬರಿಬಿದ್ದು ಕೈಗೆ ಸಿಕ್ಕ ಕೂಡಲೇ ಎಸೆದರಂತೆ. ಸ್ವಲ್ಪ ಹೊತ್ತಿಗೆ ಗೊತ್ತಾಯಿತು, 24 ಸೆಕೆಂಡು ಬೇಕಾದಷ್ಟಾಯಿತು ಅಂತ. (ನಂಬಿಕೆ ಬಾರದವರು ಗಡಿಯಾರ ನೋಡುತ್ತಾ 24 ಸೆಕೆಂಡು ಸುಮ್ಮನೆ ಕೂತು ನೋಡಿ.) ಮಾಲೀಕರು ಒಪ್ಪಿದರು. ಜೊತೆಗೆ ಇನ್ನೊಂದು ನಿಯಮವೂ ಬಂತು: ಹನ್ನೆರಡು ನಿಮಿಷದ ಒಂದು ಕಾಲುಭಾಗದಲ್ಲಿ ಒಂದು ತಂಡ ಆರಕ್ಕಿಂತ ಹೆಚ್ಚು ಫೌಲು ಮಾಡಿದರೆ ಎದುರಾಳಿಗೆ ಹೆಚ್ಚುವರಿ ಫ್ರೀ ಥ್ರೋ. ಚೆಂಡು ಹಿಡಿದು ನಿಲ್ಲುವುದಕ್ಕೂ ಬೀಗ, ಫೌಲಿಗೂ ಬೀಗ. ಒಂದನ್ನೇ ಹಾಕಿದ್ದರೆ ಇನ್ನೊಂದು ಬಾಗಿಲಿಂದ ಕಳ್ಳ ಬರುತ್ತಿದ್ದ.

1954ರ ಅಕ್ಟೋಬರ್ 30ರಂದು ಹೊಸ ನಿಯಮದ ಮೊದಲ ಪಂದ್ಯ. ರಾಚೆಸ್ಟರ್ 98, ಬಾಸ್ಟನ್ 95. ಹಿಂದಿನ ಸೀಸನ್ನಿನಲ್ಲಿ ಒಂದು ತಂಡ ಒಂದು ಪಂದ್ಯಕ್ಕೆ ಗಳಿಸುತ್ತಿದ್ದ ಸರಾಸರಿ 79.5 ಅಂಕ, ಈ ಸೀಸನ್ನಿನಲ್ಲಿ 93.1ಕ್ಕೆ ಏರಿತು. ಬಾಸ್ಟನ್ ತಂಡದ್ದು 101.4. ಸರಾಸರಿಯಲ್ಲಿ ನೂರು ದಾಟಿದ ಮೊದಲ ತಂಡ ಅದೇ. ಆದರೆ 72 ಪಂದ್ಯಗಳಲ್ಲಿ ಅದು ಗೆದ್ದದ್ದು 36, ಸೋತದ್ದು 36! ವಹಿವಾಟು ಭಾರೀ, ನಿವ್ವಳ ಲಾಭ ಸೊನ್ನೆ. ನಮ್ಮ ಅಕೌಂಟೆನ್ಸಿ ಮೇಷ್ಟ್ರಿಗೆ ಈ ಉದಾಹರಣೆ ಕೊಡಬೇಕು ಅಂದುಕೊಂಡಿದ್ದೇನೆ.

ಮದ್ದು ಎಲ್ಲರನ್ನೂ ಉಳಿಸಲಿಲ್ಲ ಎಂಬುದನ್ನೂ ಹೇಳಬೇಕು. ಬಾಲ್ಟಿಮೋರ್ ಬುಲೆಟ್ಸ್ ತಂಡ 14 ಪಂದ್ಯ ಆಡಿ, ಮೂರು ಗೆದ್ದು, ನವೆಂಬರ್ 27ರಂದು ಬಾಗಿಲು ಮುಚ್ಚಿತು. ಅದರ ಪಂದ್ಯಗಳನ್ನು ಪಟ್ಟಿಯಿಂದಲೇ ತೆಗೆದುಹಾಕಿದರು. ಉಳಿದದ್ದು ಎಂಟು ತಂಡ. ಆದರೆ ಗಮನಿಸಿ: ಅಲ್ಲಿಂದ ಇಲ್ಲಿಯವರೆಗೆ ಎನ್.ಬಿ.ಎ.ಯ ಇನ್ನೊಂದು ತಂಡ ಹೀಗೆ ಮುಚ್ಚಿಹೋಗಿಲ್ಲ. ಊರು ಬದಲಾಯಿಸಿದವು ಬೇಕಾದಷ್ಟಿವೆ, ಸತ್ತದ್ದಿಲ್ಲ.

ಫೈನಲಿಗೆ ಬಂದವರು ಯಾರೆಂದು ಊಹಿಸಿ. ಒಂದು ಕಡೆ ನಿಯಮ ತಂದ ಬಿಯಾಸೋನ್‌ನ ಸಿರಕ್ಯೂಸ್. ಇನ್ನೊಂದು ಕಡೆ 19-18ರ ಫೋರ್ಟ್ ವೇನ್! ಕಥೆಗಾರ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ. ಫೋರ್ಟ್ ವೇನಿನ ಕ್ರೀಡಾಂಗಣವನ್ನು ಆ ಹೊತ್ತಿಗೆ ಬೌಲಿಂಗ್ ಟೂರ್ನಮೆಂಟಿಗೆ ಕೊಟ್ಟುಬಿಟ್ಟಿದ್ದರು. ಹಾಗಾಗಿ ಅವರು ತಮ್ಮ ಪಾಲಿನ ಪಂದ್ಯಗಳನ್ನು ಇಂಡಿಯಾನಾಪೊಲಿಸ್‌ನಲ್ಲಿ ಆಡಬೇಕಾಯಿತು. ಆರು ಪಂದ್ಯ ಮುಗಿದಾಗ ಮೂರು-ಮೂರು.

ಏಳನೆಯದು 1955ರ ಏಪ್ರಿಲ್ 10ರಂದು ಸಿರಕ್ಯೂಸಿನಲ್ಲಿ. ಎರಡನೇ ಕಾಲುಭಾಗದಲ್ಲಿ ಫೋರ್ಟ್ ವೇನ್ 41, ಸಿರಕ್ಯೂಸ್ 24. ಹದಿನೇಳು ಅಂಕದ ಅಂತರ. ಹಿಂದಿನ ವರ್ಷವಾಗಿದ್ದರೆ ಫೋರ್ಟ್ ವೇನಿನವರು ಅಲ್ಲಿಂದ ಚೆಂಡು ತಬ್ಬಿಕೊಂಡು ನಿಂತುಬಿಡಬಹುದಿತ್ತು. ಈಗ ಗಡಿಯಾರ ಬಿಡಲಿಲ್ಲ, 24 ಸೆಕೆಂಡಿಗೊಮ್ಮೆ ಎಸೆಯಲೇಬೇಕು. ಡಾಲ್ಫ್ ಶೇಯ್ಸ್‌ನ ಸಿರಕ್ಯೂಸ್ ಹಂತಹಂತವಾಗಿ ಅಂತರ ತುಂಬುತ್ತಾ ಬಂತು. ಕೊನೆಗೆ 12 ಸೆಕೆಂಡು ಉಳಿದಿರುವಾಗ ಜಾರ್ಜ್ ಕಿಂಗ್ ಒಂದು ಫ್ರೀ ಥ್ರೋ ಹಾಕಿದ. ಮರುಕ್ಷಣ ಎದುರಾಳಿಯ ಕೈಯಿಂದ ಚೆಂಡನ್ನೂ ಎಗರಿಸಿದ. 92-91. ಆ ಗೆದ್ದ ತಂಡದಲ್ಲಿದ್ದ ಅರ್ಲ್ ಲಾಯ್ಡ್ ಮತ್ತು ಜಿಮ್ ಟಕರ್ ಎನ್.ಬಿ.ಎ. ಪ್ರಶಸ್ತಿ ಗೆದ್ದ ಮೊದಲ ಕರಿಯ ಆಟಗಾರರಾದರು.

ಬಿಯಾಸೋನ್‌ನ ಕಥೆ ಇಲ್ಲಿಗೇ ಮುಗಿದಿದ್ದರೆ ಸುಖಾಂತ. ಆದರೆ ಆಟ ಬೆಳೆದಂತೆ ದೊಡ್ಡ ನಗರಗಳು ದೊಡ್ಡ ಹಣ ಹಿಡಿದು ಬಂದವು. ಸಣ್ಣ ಊರುಗಳು ಹಿಂದೆ ಬಿದ್ದವು. ಫೋರ್ಟ್ ವೇನ್ ತಂಡ 1957ರಲ್ಲಿ ಡೆಟ್ರಾಯಿಟಿಗೆ ಹೋಯಿತು. 1963ರಲ್ಲಿ ಬಿಯಾಸೋನ್ ತನ್ನ ತಂಡವನ್ನೂ ಮಾರಿದ. ಅದು ಫಿಲಡೆಲ್ಫಿಯಾಕ್ಕೆ ಹೋಗಿ 76ಅರ್ಸ್ ಆಯಿತು. ಲೀಗನ್ನು ಉಳಿಸಿದವನಿಗೆ ತನ್ನೂರಿನ ತಂಡವನ್ನು ಉಳಿಸಿಕೊಳ್ಳಲು ಆಗಲಿಲ್ಲ. 1992ರಲ್ಲಿ ತೀರಿಕೊಂಡ. ಕೀರ್ತಿಭವನಕ್ಕೆ ಅವನ ಹೆಸರು ಸೇರಿದ್ದು 2000ದಲ್ಲಿ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ 1956ರಿಂದ ಇಟ್ಟುಕೊಂಡಿದ್ದ 30 ಸೆಕೆಂಡನ್ನು ಬಿಟ್ಟು 24ಕ್ಕೆ ಬಂದದ್ದೂ ಅದೇ 2000ದಲ್ಲೇ. ಇತ್ತ 2014ರಲ್ಲಿ ಶುರುವಾದ ನಮ್ಮ ಪ್ರೊ ಕಬಡ್ಡಿಯಲ್ಲಿ ರೈಡಿಗೆ 30 ಸೆಕೆಂಡಿನ ಮಿತಿ. ಎರಡು ರೈಡು ಬರಿಗೈಲಿ ಬಂದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವೇ ಔಟು. ರೋಗ ಒಂದೇ, ಮದ್ದೂ ಒಂದೇ.

ಈಗ ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ನಮ್ಮ ಹುಡುಗರದ್ದು ತಪ್ಪಲ್ಲ. ಗಡಿಯಾರವಿಲ್ಲದ ಅಂಗಳದಲ್ಲಿ ಯಾರಾದರೂ ಹಾಗೇ ಆಡುತ್ತಾರೆ. ಅಂಥವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ನಿಯಮ ಎಲ್ಲರ ಮೇಲೂ ಒಂದೇ ದಿನ, ಒಂದೇ ಅಳತೆಯಲ್ಲಿ ಬಂದರೆ ‘ಮೊದಲು ನಾನೇಕೆ ಬಿಡಲಿ’ ಎಂಬ ಮಾತೇ ಏಳುವುದಿಲ್ಲ. ಆಗ ಎಲ್ಲರಿಗೂ ಆಡುವ ಧೈರ್ಯ ಬರುತ್ತದೆ.

ಇದನ್ನೆಲ್ಲ ಮೊನ್ನೆ ಸ್ಪೋರ್ಟ್ಸ್ ಸರ್ ಮುಂದೆ ಹೇಳಿದೆ. “ಗಡಿಯಾರಕ್ಕೆ ದುಡ್ಡಿಲ್ಲಪ್ಪ” ಅಂದರು. ನನ್ನ ಹತ್ತಿರ ಸ್ಟಾಪ್‌ವಾಚ್ ಇದೆ, ಕೊನೆಯ ಹತ್ತು ಸೆಕೆಂಡು ಬಾಯಲ್ಲೇ ಕೂಗುತ್ತೇನೆ ಅಂದೆ. ನಕ್ಕು ಒಪ್ಪಿದರು. ಮುಂದಿನ ಪಂದ್ಯ ಬರುವ ಶನಿವಾರ ಸಂಜೆ ನಾಲ್ಕಕ್ಕೆ. ಸಂಘದ ಮಿತ್ರರು ಬರಬೇಕು. ನನ್ನೊಬ್ಬನ ಗಂಟಲು ಸಾಲದು, ಮತ್ತು ಕನ್ನಡದಲ್ಲಿ ಎಣಿಸಬಾರದು ಅಂತ ಸರ್ ಏನೂ ಹೇಳಿಲ್ಲ.