ರೋಹಿಣಿ ಬರುವ ಮುನ್ನ: ಹಸುವಿಗೂ ನೀರು, ನಿಮಗೂ ನೀರು



ಮೇ ತಿಂಗಳು ಮುಗಿಯುತ್ತಾ ಬಂತು. ಬೆಳಗ್ಗೆ ಕ್ಯಾನು ಹಿಡಿದು ಡೇರಿ ಮುಂದೆ ಸಾಲು ನಿಂತಾಗ ಇರುವ ಒಂದಿಷ್ಟು ತಂಪೇ ದಿನಕ್ಕೆಲ್ಲ ತಂಪು. ಎಂಟು ಗಂಟೆಗೆ ಬಿಸಿಲು ನೆತ್ತಿಗೆ ಬರುತ್ತದೆ. ಮಧ್ಯಾಹ್ನ ಕುದಾಪುರ ಕಾವಲಿನ ಕಡೆ ನೋಡಿದರೆ ನೆಲ ನೀರಿನ ಹಾಗೆ ಮಿನುಗುತ್ತದೆ, ನೀರು ಮಾತ್ರ ಇಲ್ಲ. ಸಂಜೆ ಮೋಡ ಕಟ್ಟಿ, ಗಾಳಿ ಎದ್ದು, ಅಂಗಳದಲ್ಲಿ ಒಣಹಾಕಿದ ಸಂಡಿಗೆಗೆಲ್ಲ ಮಣ್ಣು ತುಂಬಿ, ನಾಲ್ಕು ಹನಿ ಬಿದ್ದು ನಿಲ್ಲುತ್ತದೆ. ಮೇ 11ರ ಹೊತ್ತಿಗೆ ಕೂಡಿದ ಕೃತ್ತಿಕೆ ಮುಗಿದು, 25ರ ಹೊತ್ತಿಗೆ ರೋಹಿಣಿ ಕೂಡುತ್ತದೆ. ಮನೆ ಮನೆಯ ಪಡಸಾಲೆಯಲ್ಲಿ ಬಿತ್ತನೆ ಶೇಂಗಾ ಸುಲಿಯುವ ಸದ್ದು. ಮಾತು ಒಂದೇ: ಈ ಸಲ ಮಳೆ ಹೆಂಗೆ?

ಮಳೆಯ ವಿಷಯ ನನ್ನ ಕೈಯಲ್ಲಿಲ್ಲ. ಮಳೆ ಬರುವವರೆಗೆ ಮತ್ತು ಬಂದ ಮೊದಲ ವಾರ ಕೊಟ್ಟಿಗೆಯಲ್ಲಿ ಏನು ಮಾಡಬೇಕು ಎನ್ನುವುದು ನಿಮ್ಮ ಕೈಯಲ್ಲಿದೆ. ಅದನ್ನೇ ಈ ಸಲ ಮಾತಾಡೋಣ.

ನಮ್ಮ ಕಾವಲು, ನಮ್ಮ ದನ

ಇಂದು ಕುದಾಪುರ ಎಂದರೆ ಹೊರಗಿನವರಿಗೆ ವಿಜ್ಞಾನದ ಊರು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇಲ್ಲಿದೆ. 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಒ ವಿಮಾನ ಪರೀಕ್ಷಾ ಕೇಂದ್ರವೂ ನಮ್ಮ ತಾಲ್ಲೂಕಿನಲ್ಲೇ ಇದೆ. ಪೈಲಟ್ ಇಲ್ಲದ ವಿಮಾನದ ಸದ್ದು ಕೇಳಿದರೆ ನಮ್ಮ ಎಮ್ಮೆಗಳೂ ಈಗ ಕಿವಿ ಎತ್ತುವುದಿಲ್ಲ.

ಆದರೆ ಅದಕ್ಕೂ ಮುಂಚೆ ಇದು ದನಗಳ ಊರು. ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳು ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಇಲಾಖೆಯ ಹೆಸರು ‘ಬೆಣ್ಣೆ ಚಾವಡಿ’. ‘ಅಮೃತಮಹಲ್’ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಮ್ಯಾಸನಾಯಕರ ಹಟ್ಟಿಗಳಲ್ಲಿ ಇವತ್ತಿಗೂ ದೇವರ ಎತ್ತುಗಳನ್ನು ಕಿಲಾರಿಗಳು ಸಾಕುತ್ತಾರೆ. ಆ ದನಗಳು ಈ ಬಿಸಿಲನ್ನು ತಡೆಯುತ್ತವೆ. ಜೋಲು ಚರ್ಮ, ಗಿಡ್ಡ ಕೂದಲು, ಚೆನ್ನಾಗಿ ಬೆವರುವ ಮೈ, ಮಿತವಾದ ಮೇವು.

ನಿಮ್ಮ ಕೊಟ್ಟಿಗೆಯಲ್ಲಿರುವ ಎಚ್‌ಎಫ್ ಮಿಶ್ರತಳಿ ಹಾಗಲ್ಲ. ಅದರ ಮೂಲ ಚಳಿ ದೇಶ. ಹಾಲು ಜಾಸ್ತಿ, ತಿನ್ನುವುದು ಜಾಸ್ತಿ, ಆದ್ದರಿಂದ ಮೈಯೊಳಗಿನ ಕಾವೂ ಜಾಸ್ತಿ. ಹಸುವಿನ ದೊಡ್ಡ ಹೊಟ್ಟೆ ಒಂದು ಉರಿಯುವ ಒಲೆ ಇದ್ದ ಹಾಗೆ. ಮೇವು ಹುದುಗಿ ಕರಗುವಾಗ ಶಾಖ ಹುಟ್ಟುತ್ತದೆ. ಬೆಳಗ್ಗೆ ಹತ್ತಕ್ಕೆ ಹೊಟ್ಟೆ ತುಂಬ ಒಣಮೇವು ಹಾಕಿದರೆ ಆ ಒಲೆ ಮಧ್ಯಾಹ್ನದ ಬಿಸಿಲಿನ ಜೊತೆ ಸರಿಯಾಗಿ ಸೇರಿಕೊಳ್ಳುತ್ತದೆ.

ಪಕ್ಕೆ ಎಣಿಸಿ ನೋಡಿ

ಮಧ್ಯಾಹ್ನ ಎರಡಕ್ಕೆ ಮೊಬೈಲ್ ಗಡಿಯಾರ ಹಿಡಿದು ಹಸುವಿನ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ನಲವತ್ತರ ಒಳಗಿದ್ದರೆ ಸರಿ. ಅರವತ್ತು ದಾಟಿದರೆ ಅದಕ್ಕೆ ಸೆಕೆ ತಡೆಯಲಾಗುತ್ತಿಲ್ಲ. ಎಂಬತ್ತು ದಾಟಿ, ಬಾಯಿ ತೆರೆದು ಜೊಲ್ಲು ಸುರಿಸುತ್ತಿದ್ದರೆ ತಕ್ಷಣ ನೆರಳಿಗೆ ಕಟ್ಟಿ, ಮೈಮೇಲೆ ನೀರು ಹುಯ್ದು, ನಮಗೆ ಫೋನ್ ಮಾಡಿ.

ಮೇವನ್ನು ಬೆಳಗ್ಗೆ ಆರರೊಳಗೆ ಒಂದು ಪಾಲು, ಸಂಜೆ ಆರರ ಮೇಲೆ ಮತ್ತು ರಾತ್ರಿ ಮಲಗುವ ಮುಂಚೆ ಎರಡು ಪಾಲು ಕೊಡಿ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು ತಪ್ಪಿಸಬೇಡಿ. ತಗಡಿನ ಶೀಟಿನ ಕೊಟ್ಟಿಗೆಯಾದರೆ ಮೇಲೆ ತೆಂಗಿನ ಗರಿ ಹಾಸಿ, ಇಲ್ಲವೇ ಸುಣ್ಣ ಬಳಿಯಿರಿ. ಇಷ್ಟಕ್ಕೆ ಡೇರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ಇಳಿಯುವುದು ಎಷ್ಟೋ ತಡೆಯುತ್ತದೆ. ‘ನೀರು ಬೆರೆಸಿಲ್ಲ ಸಾರ್, ಆದ್ರೂ ಡಿಗ್ರಿ ಬರ್ತಿಲ್ಲ’ ಎಂದು ನೀವು ಹೇಳುವುದು ಎಷ್ಟೋ ಸಲ ನಿಜ. ಮೇವು ಬಿಟ್ಟ ಹಸು ಗಟ್ಟಿ ಹಾಲು ಕೊಡಲಾರದು.

ಇನ್ನು ನೀರು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಹತ್ತು ಲೀಟರ್ ಕರೆಯುವ ಹಸುವಿಗೆ ಈ ಬಿಸಿಲಲ್ಲಿ ದಿನಕ್ಕೆ 80ರಿಂದ 100 ಲೀಟರ್ ಬೇಕು. ಎರಡು ಹೊತ್ತು ಬಕೆಟ್ ಇಟ್ಟರೆ ಸಾಲದು. ತೊಟ್ಟಿ ನೆರಳಲ್ಲಿರಲಿ, ರಾತ್ರಿಯೂ ತುಂಬಿರಲಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ನಾವು ಇಂದಿಗೂ ನೆನೆಯುವುದು ಅವರು ಕಟ್ಟಿಸಿದ ಕೆರೆಗಳಿಗಾಗಿ. ಈ ಸೀಮೆಯಲ್ಲಿ ನೀರು ತುಂಬಿಟ್ಟವರೇ ದೊಡ್ಡವರು.

ಮಿಕ್ಕ ಊಟ, ಕೂಳೆ ಜೋಳ

ಇದು ಮದುವೆ ಕಾಲ. ಮಿಕ್ಕ ಅನ್ನ, ಪಾಯಸ, ಮುದ್ದೆಯನ್ನು ‘ಚೆಲ್ಲೋದು ಯಾಕೆ’ ಎಂದು ಹಸುವಿನ ಮುಂದೆ ಇಡುತ್ತೀರಿ. ಅನ್ನ ಚೆಲ್ಲಬಾರದೆಂಬ ನಿಮ್ಮ ಮನಸ್ಸು ದೊಡ್ಡದು, ಆದರೆ ಹಸುವಿನ ಹೊಟ್ಟೆಗೆ ಅದು ವಿಷವಾಗುತ್ತದೆ. ಅನ್ನ ಹೊಟ್ಟೆಯಲ್ಲಿ ಬೇಗ ಹುಳಿಯಾಗಿ ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ಭೇದಿ ಶುರುವಾಗುತ್ತದೆ, ಹಸು ತೂರಾಡಿ ಮಲಗುತ್ತದೆ. ಹೀಗಾದಾಗ ಬಾಯಿಗೆ ಎಣ್ಣೆ, ಕಷಾಯ ಹುಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಷ್ಟ. ಮೇವು ನಿಲ್ಲಿಸಿ, ಫೋನ್ ಮಾಡಿ.

ಶೇಂಗಾ ಹಿಂಡಿಯ ವಿಷಯದಲ್ಲೂ ಎಚ್ಚರ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಹಿಂಡಿ ನಮಗೆ ಸುಲಭವಾಗಿ ಸಿಗುತ್ತದೆ. ಆದರೆ ಬೂಷ್ಟು ಹಿಡಿದ ಹಿಂಡಿ, ಕಪ್ಪಾದ ಹೊಟ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಆ ಬೂಷ್ಟಿನ ವಿಷ ಹಸುವಿನ ಈಲಿಗೆ ಹತ್ತಿ, ಹಾಲಿಗೂ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಜೋಳ. ಬೋರು ನಿಂತು ಮೊಣಕಾಲುದ್ದಕ್ಕೇ ಬಾಡಿದ ಜೋಳ, ಕೊಯ್ದ ಮೇಲೆ ಮೊದಲ ಮಳೆಗೆ ಚಿಗುರಿದ ಕೂಳೆ ಜೋಳ, ಇವೆರಡರಲ್ಲೂ ಸಯನೈಡ್ ವಿಷ ಹುಟ್ಟುತ್ತದೆ. ಎರಡು ತಿಂಗಳು ಒಣಹುಲ್ಲು ತಿಂದ ಹಸುವಿಗೆ ಹಸಿರು ಕಂಡರೆ ಸಾಕು, ಹಗ್ಗ ಕಿತ್ತುಕೊಂಡು ಓಡುತ್ತದೆ. ಮೂರು ವರ್ಷದ ಹಿಂದೆ ಹೀಗೇ ಒಂದು ಕರೆ ಬಂತು. ಮಳೆ ಬಂದ ಮೂರನೇ ದಿನ, ಎರಡನೇ ಸೂಲಿನ ಹಸು. ನಾನು ಚುಚ್ಚುಮದ್ದು ಹಿಡಿದು ಬೈಕಿನಲ್ಲಿ ಹೊರಟೆ. ಮುಕ್ಕಾಲು ಗಂಟೆಯ ದಾರಿ. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಕೆ ಅಳಲಿಲ್ಲ, ಹಸುವಿನ ಬಾಯಲ್ಲಿದ್ದ ಜೋಳದ ಎಲೆಯನ್ನು ತೆಗೆದು ಪಕ್ಕಕ್ಕಿಟ್ಟರು. ಈ ವಿಷಕ್ಕೆ ಮದ್ದಿದೆ, ಆದರೆ ಸಮಯವಿಲ್ಲ. ಉಸಿರಿಗೆ ಒದ್ದಾಡಿ, ತೂರಾಡಿ, ಬಿದ್ದು, ಸಾಯಲು ಅರ್ಧ ಗಂಟೆ ಸಾಕು. ಆದ್ದರಿಂದ ಹೂವಾಡದ ಜೋಳ ಹಾಕಲೇಬೇಡಿ, ಕೂಳೆ ಹೊಲದ ಹತ್ತಿರ ಹಸು ಬಿಡಬೇಡಿ.

ಇನ್ನು ನಿಮ್ಮ ಮಾತು

ಕಳೆದ ವರ್ಷ ಇದೇ ದಿನಗಳಲ್ಲಿ ಒಂದು ಹಸುವಿಗೆ ಕೆಚ್ಚಲು ಬಾವು ನೋಡಲು ಹೋಗಿದ್ದೆ. ಮಧ್ಯಾಹ್ನ ಮೂರು ಗಂಟೆ. ಯಜಮಾನಿ ಹಗ್ಗ ಹಿಡಿದು ನಿಂತಿದ್ದರು. ನಾನು ಕೇಳಿದೆ: ಹಸು ಬೆಳಗಿಂದ ಎಷ್ಟು ನೀರು ಕುಡಿದಿದೆ? ‘ಐದು ಬಕೆಟ್’ ಅಂದರು. ಮೇವು? ಅದಕ್ಕೂ ಲೆಕ್ಕ ಹೇಳಿದರು. ಮಾತು ಮುಗಿಯುವಷ್ಟರಲ್ಲಿ ಗೋಡೆಗೊರಗಿ ಕುಸಿದರು. ನೆರಳಿಗೆ ಕರೆತಂದು, ಮುಖಕ್ಕೆ ನೀರು ಹಾಕಿ, ಎಚ್ಚರವಾದ ಮೇಲೆ ಕೇಳಿದೆ: ನೀವು ಎಷ್ಟು ನೀರು ಕುಡಿದಿರಿ? ಬೆಳಗ್ಗೆ ಒಂದು ಲೋಟ ಟೀ, ಅಷ್ಟೇ. ‘ನೀರು ತರೋದು ದೂರ ಡಾಕ್ಟ್ರೇ, ಮೊದ್ಲು ಹಸ ಕುಡೀಲಿ ಅಂತ.’

ಇಷ್ಟು ವರ್ಷ ನಾನು ನಿಮ್ಮ ಹಸುಗಳ ನೀರಿನ ಲೆಕ್ಕ ಕೇಳಿದ್ದೇನೆ, ನಿಮ್ಮದನ್ನು ಒಮ್ಮೆಯೂ ಕೇಳಿರಲಿಲ್ಲ. ಅಂದಿನಿಂದ ಕೇಳುತ್ತಿದ್ದೇನೆ. ನಗಬೇಡಿ, ಉತ್ತರ ಹೇಳಿ.

ನಾನು ದನದ ಡಾಕ್ಟರು, ನಿಮಗೆ ಔಷಧಿ ಬರೆಯಲಾರೆ. ಆದರೆ ನಿಮ್ಮ ಅಡುಗೆಮನೆಯಲ್ಲೇ ಬೇಸಿಗೆಯ ಮದ್ದಿದೆ. ರಾತ್ರಿ ಕಾಯಿಸಿಟ್ಟ ರಾಗಿ ಅಂಬಲಿಗೆ ಬೆಳಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ, ಒಂದು ಚೊಂಬು ಕುಡಿದೇ ಹೊಲಕ್ಕೆ ಹೋಗಿ. ಮಧ್ಯಾಹ್ನ ಮುದ್ದೆ, ಸಾರಿನ ಜೊತೆ ಒಂದು ಲೋಟ ಮಜ್ಜಿಗೆ ಇರಲಿ. ರಾತ್ರಿ ನವಣೆ ಅನ್ನ, ಶೇಂಗಾ ಚಟ್ನಿ. ಡೇರಿಗೆ ಹಾಲೆಲ್ಲ ಅಳೆದು ಮನೆಗೆ ಬರೀ ಕರಿ ಟೀ ಉಳಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಮಕ್ಕಳಿಗೆ ಮಾತ್ರವಲ್ಲ, ನಿಮಗೂ ಅರ್ಧ ಲೀಟರ್ ಎತ್ತಿಟ್ಟು ಉಳಿದದ್ದನ್ನು ಹಾಕಿ. ತಲೆ ಸುತ್ತು, ವಾಂತಿ ಬಂದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಕುಡಿಯಿರಿ. ಬೆವರು ನಿಂತು ಮೈ ಸುಡುತ್ತಿದ್ದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ.

ಈ ವಾರ ಮಾಡಬೇಕಾದದ್ದು

• ಮಳೆ ಹಿಡಿಯುವ ಮುಂಚೆ ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಹಾಕಿಸಿ. ಕುರಿಗಳಿಗೆ ಕರುಳುಬೇನೆ ಲಸಿಕೆ.
• ಗುಡುಗು ಕೇಳಿಸಿದರೆ ಹಸುವನ್ನು ಮರದ ಕೆಳಗಿಂದ ಬಿಚ್ಚಿ ಕೊಟ್ಟಿಗೆಗೆ ತನ್ನಿ. ನೀವೂ ಮರದಡಿ ನಿಲ್ಲಬೇಡಿ.
• ಹೊಟ್ಟು, ಹುಲ್ಲಿನ ಬಣವೆಗೆ ತಾಡಪಾಲು ಮುಚ್ಚಿ.
• ಹಸಿ ಹುಲ್ಲು ಚಿಗುರಿದರೂ ಮೊದಲ ವಾರ ಒಣಮೇವಿನ ಜೊತೆ ಸ್ವಲ್ಪ ಸ್ವಲ್ಪವೇ ಕೊಡಿ.
• ಜಾನುವಾರು ತುರ್ತು ಸಹಾಯಕ್ಕೆ 1962. ಈ ನಂಬರನ್ನು ಕೊಟ್ಟಿಗೆಯ ಗೋಡೆ ಮೇಲೆ ಸುಣ್ಣದಲ್ಲಿ ಬರೆದಿಡಿ.
• ಕೊಟ್ಟಿಗೆಯ ಕಂಬಕ್ಕೆ ಒಂದು ನೀರಿನ ಬಾಟಲಿ ನೇತುಹಾಕಿ. ಹಸುವಿನ ತೊಟ್ಟಿಗೆ ನೀರು ಹುಯ್ದಾಗೆಲ್ಲ ನೀವೂ ಕುಡಿಯಿರಿ.

ಮುಂದಿನ ಸಲ ನಿಮ್ಮ ಕೊಟ್ಟಿಗೆಗೆ ಬಂದಾಗ ಮೊದಲು ಆ ಬಾಟಲಿ ನೋಡುತ್ತೇನೆ, ಆಮೇಲೆ ಹಸು.